ಡ್ರೋನ್ ವಿಡಿಯೊ ಓಪನ್ ಆಗುತ್ತಿಲ್ಲವೇ? ಮೊದಲು ಕಾರ್ಡ್ ತೆಗೆದಿಡಿ, ಆಮೇಲೆ ಫಾರ್ವರ್ಡ್ ಓದಿ

"ಡ್ರೋನ್ ವಿಡಿಯೊ ಕರಪ್ಟ್ ಆಗಿದ್ಯಾ? ಟೆನ್ಷನ್ ಬೇಡ! ಫೈಲ್ ಹೆಸರಿನ ಕೊನೆಗಿರೋ ಎಂಪಿ4 ತೆಗೆದು ಎವಿಐ ಅಂತ ಹಾಕಿ, ವಿಎಲ್‌ಸಿಯಲ್ಲಿ ಓಪನ್ ಮಾಡಿ. ಆಗ್ಲಿಲ್ಲ ಅಂದ್ರೆ ಕಾರ್ಡ್ ಫಾರ್ಮ್ಯಾಟ್ ಮಾಡಿ, ಈ ಆ್ಯಪ್ ಹಾಕಿ ರಿಕವರ್ ಮಾಡ್ಕೊಳ್ಳಿ. 100% ವರ್ಕ್ ಆಗುತ್ತೆ. ಎಲ್ಲರಿಗೂ ಶೇರ್ ಮಾಡಿ."

ಈ ಧಾಟಿಯ ಸಂದೇಶ ನಿಮಗೂ ಬಂದಿರಬಹುದು. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಅದನ್ನು ಹುಡುಕಿಕೊಂಡು ಓದುವವರ ಪರಿಸ್ಥಿತಿ ನೋಡಿ: ದಿಬ್ಬಣ ಬಂದಾಗಿದೆ, ಧಾರೆ ಮುಗಿದಿದೆ, ಬೀಗರು ಊಟ ಮಾಡಿ ಹೊರಟಿದ್ದಾರೆ. ಮೇಲಿನಿಂದ ತೆಗೆದ ದಿಬ್ಬಣದ ವಿಡಿಯೊ ಮಾತ್ರ ತೆರೆಯುತ್ತಿಲ್ಲ. ಇನ್ನೊಮ್ಮೆ ತೆಗೆಯೋಣ ಎನ್ನುವಂತಿಲ್ಲ. ಊರ ಜಾತ್ರೆಯ ತೇರಾದರೆ ಮುಂದಿನ ವರ್ಷದವರೆಗೆ ಕಾಯಬೇಕು. ಇಂಥ ಗಾಬರಿಯಲ್ಲಿ ಇರುವವರು ಕೈಗೆ ಸಿಕ್ಕ ಸಲಹೆಯನ್ನೆಲ್ಲ ಒಂದಾದ ಮೇಲೊಂದು ಮಾಡಿ ನೋಡುತ್ತಾರೆ.

ಮೇಲಿನ ಸಂದೇಶದಲ್ಲಿರುವ ಮೂರು ಸಲಹೆಗಳಲ್ಲಿ ಎರಡರಿಂದ ಪ್ರಯೋಜನವಿಲ್ಲ, ಒಂದರಿಂದ ಹಾನಿಯಿದೆ. ಹಾಗಂತ ಕೆಟ್ಟ ವಿಡಿಯೊ ಮರಳಿ ಸಿಗುವುದೇ ಇಲ್ಲ ಎಂದಲ್ಲ. ತೆರೆಯದ ಫೈಲ್‌ನೊಳಗೆ ಚಿತ್ರ ಸಾಮಾನ್ಯವಾಗಿ ಇದ್ದ ಹಾಗೆಯೇ ಇರುತ್ತದೆ. ಅದು ನಿಜವಾಗಿ ಅಳಿಯುವುದು ಆಮೇಲೆ, ಅದೇ ಕಾರ್ಡಿನ ಮೇಲೆ ನಾವು ಬೇರೆ ಏನಾದರೂ ಬರೆದಾಗ.

ಮೊದಲು ಮಾಡಬೇಕಾದ್ದು

ಆ ಕಾರ್ಡಿನಲ್ಲಿ ಚಿತ್ರೀಕರಣ ನಿಲ್ಲಿಸಿ. "ಉಳಿದ ಕಾರ್ಯಕ್ರಮ ಇದರಲ್ಲೇ ತೆಗೆದು ಸಂಜೆ ನೋಡೋಣ" ಎನ್ನುವುದು ಅತ್ಯಂತ ದುಬಾರಿ ತೀರ್ಮಾನ. ಡ್ರೋನ್ ಬಿದ್ದು ಹೀಗಾಗಿದ್ದರೆ, ಅದು ಇನ್ನೂ ಆನ್ ಆಗಿದ್ದು ರಿಮೋಟಿಗೆ ಸಂಪರ್ಕ ಇದ್ದರೆ, ಬ್ಯಾಟರಿ ಕೀಳುವ ಮೊದಲು ರಿಮೋಟಿನಲ್ಲಿ ರೆಕಾರ್ಡಿಂಗ್ ನಿಲ್ಲಿಸಿ ಒಂದೆರಡು ಕ್ಷಣ ಕಾಯಿರಿ. ಫೈಲ್ ಪೂರ್ಣವಾಗಿ ಮುಚ್ಚಿಕೊಳ್ಳಲು ಅಷ್ಟು ಸಮಯ ಬೇಕು. ಬ್ಯಾಟರಿ ಉಬ್ಬಿದ್ದರೆ ಅಥವಾ ಹೊಗೆ ಬರುತ್ತಿದ್ದರೆ ವಿಡಿಯೊ ಆಸೆ ಬಿಟ್ಟು ದೂರ ನಿಲ್ಲಿ. ಲಿಥಿಯಂ ಬ್ಯಾಟರಿಯ ಬೆಂಕಿ ಆಟವಲ್ಲ.

ನಂತರ ಕಾರ್ಡ್ ಹೊರತೆಗೆದು ಬೇರೆಯಾಗಿ ಇಡಿ. ಅದನ್ನು ಫೋನಿಗೆ ಹಾಕಿ ನೋಡುವ ಅಭ್ಯಾಸ ಅನೇಕರಿಗಿದೆ. ಬೇಡ. ಆಂಡ್ರಾಯ್ಡ್ ಫೋನ್ ಕಾರ್ಡ್ ಸಿಕ್ಕ ಕೂಡಲೇ ಅದರಲ್ಲಿ ತನ್ನದೇ ಫೋಲ್ಡರ್‌ಗಳನ್ನು ಮಾಡಿಕೊಳ್ಳುತ್ತದೆ. "ಲಾಸ್ಟ್.ಡಿಐಆರ್" ಎಂಬ ಹೆಸರಿನ ಫೋಲ್ಡರ್ ನೀವೂ ನೋಡಿರುತ್ತೀರಿ. ಅದನ್ನು ನೀವು ಮಾಡಿದ್ದಲ್ಲ, ಫೋನ್ ಮಾಡಿದ್ದು. ಬರೆದದ್ದು ಸಣ್ಣದೇ ಆದರೂ ಎಲ್ಲಿ ಬರೆಯಿತು ಎಂಬುದು ನಮ್ಮ ಕೈಯಲ್ಲಿಲ್ಲ.

ಕಂಪ್ಯೂಟರಿಗೆ ಹಾಕಿದರೆ ವಿಂಡೋಸ್ ಎರಡು ಬಗೆಯ ಪ್ರಶ್ನೆ ಕೇಳಬಹುದು. ಒಂದು, "ಈ ಡಿಸ್ಕ್ ಬಳಸಲು ಮೊದಲು ಫಾರ್ಮ್ಯಾಟ್ ಮಾಡಬೇಕು" ಎಂಬುದು. ಕ್ಯಾನ್ಸಲ್ ಒತ್ತಿ. ಇನ್ನೊಂದು, "ಸ್ಕ್ಯಾನ್ ಮಾಡಿ ಸರಿಪಡಿಸಲೇ?" ಎಂಬುದು. ಇದು ಸಭ್ಯವಾಗಿ ಕಾಣುವುದರಿಂದ ಹೆಚ್ಚಿನವರು ಹೂಂ ಎನ್ನುತ್ತಾರೆ. ಆದರೆ ಆ ಕೆಲಸ ಮಾಡುವ ಚೆಕ್‌ಡಿಸ್ಕ್‌ಗೆ ನಿಮ್ಮ ದಿಬ್ಬಣದ ಬಗ್ಗೆ ಆಸ್ಥೆ ಇಲ್ಲ. ಕಾರ್ಡಿನ ಲೆಕ್ಕಪತ್ರ ತಾಳೆಯಾಗಬೇಕು, ಅಷ್ಟೇ ಅದರ ಗುರಿ. ಲೆಕ್ಕಕ್ಕೆ ಸಿಗದ ತುಂಡುಗಳನ್ನು ಅದು "ಫೌಂಡ್.000" ಎಂಬ ಫೋಲ್ಡರಿಗೆ ಹೆಸರಿಲ್ಲದ ಫೈಲ್‌ಗಳಾಗಿ ಹಾಕುತ್ತದೆ ಅಥವಾ ಖಾಲಿ ಜಾಗವೆಂದು ಬಿಟ್ಟುಬಿಡುತ್ತದೆ. ಎರಡರಿಂದಲೂ ಮುಂದಿನ ಕೆಲಸ ಕಷ್ಟವಾಗುತ್ತದೆ.

ಮೈಕ್ರೊ ಎಸ್‌ಡಿ ಕಾರ್ಡ್ ಕೂರಿಸುವ ದೊಡ್ಡ ಅಡಾಪ್ಟರಿನ ಪಕ್ಕದಲ್ಲಿ ಪುಟ್ಟ ಗುಂಡಿಯಿರುತ್ತದೆ. ಅದನ್ನು "ಲಾಕ್" ಕಡೆಗೆ ಜಾರಿಸಿ ಹಾಕಿದರೆ ಬಹುತೇಕ ಕಾರ್ಡ್ ರೀಡರ್‌ಗಳು ಓದುತ್ತವೆ, ಬರೆಯುವುದಿಲ್ಲ. ಇದು ಐದು ಪೈಸೆ ಖರ್ಚಿಲ್ಲದ ವಿಮೆ.

ನಿಜವಾಗಿಯೂ ಕೆಟ್ಟಿದೆಯೇ?

ರಿಪೇರಿಗೆ ಕೈಹಾಕುವ ಮೊದಲು ಇದನ್ನೊಮ್ಮೆ ಖಚಿತಪಡಿಸಿಕೊಳ್ಳಿ. ಈಚಿನ ಡ್ರೋನ್‌ಗಳು ವಿಡಿಯೊವನ್ನು ಎಚ್.265 ಎಂಬ ವಿಧಾನದಲ್ಲೂ ಉಳಿಸುತ್ತವೆ. ಹಳೆಯ ಲ್ಯಾಪ್‌ಟಾಪ್, ಕಡಿಮೆ ಬೆಲೆಯ ಫೋನ್‌ಗಳಲ್ಲಿ ಅದನ್ನು ಬಿಡಿಸಿ ತೋರಿಸುವ ವ್ಯವಸ್ಥೆ ಇಲ್ಲದಿದ್ದರೆ ಪರದೆ ಕಪ್ಪಾಗಿ ಕಾಣಬಹುದು, ಹಸಿರು ಪಟ್ಟೆ ಬರಬಹುದು, ತಡೆತಡೆದು ಓಡಬಹುದು. ಫೈಲ್‌ಗೆ ಏನೂ ಆಗಿರುವುದಿಲ್ಲ. ವಿಎಲ್‌ಸಿಯಲ್ಲೋ ಬೇರೊಂದು ಹೊಸ ಕಂಪ್ಯೂಟರಿನಲ್ಲೋ ತೆರೆದು ನೋಡಿ.

"ವಿಡಿಯೊ ಬಂತು, ಸೌಂಡ್ ಹೋಗಿದೆ" ಎಂದು ದೂರುವವರೂ ಇದ್ದಾರೆ. ಬಹುತೇಕ ಡ್ರೋನ್‌ಗಳಲ್ಲಿ ಮೈಕ್ ಇರುವುದೇ ಇಲ್ಲ. ರೆಕ್ಕೆಯ ಗದ್ದಲದಲ್ಲಿ ಅದಕ್ಕೆ ಕೇಳುವುದಾದರೂ ಏನು?

ಮುಂದೆ ಫೈಲಿನ ಗಾತ್ರ ನೋಡಿ. ನೂರಾರು ಎಂಬಿ ಅಥವಾ ಮೂರ್ನಾಲ್ಕು ಜಿಬಿ ತೋರಿಸುತ್ತಿದ್ದು ತೆರೆಯದಿದ್ದರೆ ಅದು ಶುಭ ಲಕ್ಷಣ. ಸೊನ್ನೆ ತೋರಿಸಿದರೂ ಪೂರ್ತಿ ಆಸೆ ಬಿಡಬೇಕಿಲ್ಲ. ಗಾತ್ರವನ್ನು ನಮೂದಿಸುವ ಮೊದಲೇ ವಿದ್ಯುತ್ ಹೋಗಿರಬಹುದು, ಚಿತ್ರ ಕಾರ್ಡಿನಲ್ಲಿ ಕೂತಿರಬಹುದು.

ಇನ್ನೊಂದು ಸಂಗತಿ. ಅನೇಕ ಡ್ರೋನ್‌ಗಳು ಉದ್ದದ ವಿಡಿಯೊವನ್ನು ಸುಮಾರು 4 ಜಿಬಿಯ ತುಂಡುಗಳಾಗಿ ಉಳಿಸುತ್ತವೆ. 32 ಜಿಬಿವರೆಗಿನ ಕಾರ್ಡುಗಳಲ್ಲಿ ಬಳಸುವ ಫ್ಯಾಟ್32 ವ್ಯವಸ್ಥೆ ಅದಕ್ಕಿಂತ ದೊಡ್ಡ ಫೈಲನ್ನು ಹಿಡಿಯಲಾರದು, ಆ ರೂಢಿ ದೊಡ್ಡ ಕಾರ್ಡುಗಳಲ್ಲೂ ಹಲವೆಡೆ ಮುಂದುವರಿದಿದೆ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತೆಗೆದ 4ಕೆ ವಿಡಿಯೊ ಎಂದರೆ ಸೆಕೆಂಡಿಗೆ 12.5 ಎಂಬಿ. ಅಂದರೆ ಐದು ನಿಮಿಷ ಚಿಲ್ಲರೆಗೆ ಒಂದು ತುಂಡು. ಹದಿನೈದು ನಿಮಿಷ ಹಾರಿಸಿ ಕೊನೆಗೆ ಡ್ರೋನ್ ಬಿದ್ದಿದ್ದರೆ ಕೆಟ್ಟಿರುವುದು ಕೊನೆಯ ತುಂಡು ಮಾತ್ರ. ಹಿಂದಿನ ತುಂಡುಗಳು ಸರಿಯಾಗಿಯೇ ಇರುತ್ತವೆ.

ಚಿತ್ರ ಇದೆ, ಪಟ್ಟಿ ಇಲ್ಲ

ಎಂಪಿ4 ಫೈಲ್ ಒಂದೇ ಮುದ್ದೆಯಲ್ಲ, ಹಲವು ಪೆಟ್ಟಿಗೆಗಳ ಸಾಲು. ಅವುಗಳಲ್ಲಿ ಎರಡು ನಮಗೆ ಮುಖ್ಯ. "ಎಂಡ್ಯಾಟ್" ಎಂಬ ದೊಡ್ಡ ಪೆಟ್ಟಿಗೆಯಲ್ಲಿ ಚಿತ್ರಗಳಿರುತ್ತವೆ. "ಮೂವ್" ಎಂಬ ಪುಟ್ಟ ಪೆಟ್ಟಿಗೆಯಲ್ಲಿ ಆ ಚಿತ್ರಗಳ ಪಟ್ಟಿ ಇರುತ್ತದೆ: ಎಷ್ಟನೇ ಚಿತ್ರ ಎಲ್ಲಿ ಶುರುವಾಗುತ್ತದೆ, ಎಷ್ಟು ಬೈಟ್ ಉದ್ದ, ಯಾವ ಕ್ಷಣಕ್ಕೆ ತೋರಿಸಬೇಕು, ಯಾವ ವಿಧಾನದಲ್ಲಿ ಬಿಡಿಸಬೇಕು. ಈ ಪಟ್ಟಿ ಇಲ್ಲದೆ ಯಾವ ಪ್ಲೇಯರಿಗೂ ದಿಕ್ಕು ತಿಳಿಯುವುದಿಲ್ಲ.

ಡ್ರೋನ್ ಹಾರುತ್ತಿರುವಾಗ ಚಿತ್ರಗಳನ್ನು ಮಾತ್ರ ಕಾರ್ಡಿಗೆ ಸುರಿಯುತ್ತ ಹೋಗುತ್ತದೆ. ಪಟ್ಟಿಯ ಲೆಕ್ಕ ತನ್ನ ತಾತ್ಕಾಲಿಕ ನೆನಪಿನಲ್ಲಿರುತ್ತದೆ. ನೀವು ಸ್ಟಾಪ್ ಒತ್ತಿದ ಮೇಲಷ್ಟೇ ಅದು ಮೂವ್ ಪೆಟ್ಟಿಗೆಯಾಗಿ ಕಾರ್ಡಿಗೆ ಇಳಿಯುತ್ತದೆ. ಮದುವೆಮನೆಯ ಮುಯ್ಯಿ ನೆನಪಿಸಿಕೊಳ್ಳಿ. ಲಕೋಟೆಗಳೆಲ್ಲ ಚೀಲಕ್ಕೆ ಬೀಳುತ್ತಿರುತ್ತವೆ, ಯಾರು ಎಷ್ಟು ಕೊಟ್ಟರು ಎಂದು ಒಬ್ಬರು ಮನಸ್ಸಿನಲ್ಲೇ ಇಟ್ಟುಕೊಂಡು ಕೊನೆಗೆ ಪುಸ್ತಕಕ್ಕೆ ಬರೆಯುತ್ತಾರೆ ಎಂದುಕೊಳ್ಳಿ. ಬರೆಯುವ ಮೊದಲೇ ಅವರು ಎದ್ದು ಹೋದರೆ ಲಕೋಟೆಗಳು ಎಲ್ಲಿಗೂ ಹೋಗಿಲ್ಲ, ಲೆಕ್ಕ ಮಾತ್ರ ಇಲ್ಲ.

ಡ್ರೋನ್ ಬಿದ್ದು ಬ್ಯಾಟರಿ ಕಳಚಿದಾಗ, ರೆಕಾರ್ಡಿಂಗ್ ನಿಲ್ಲಿಸದೆ ಆಫ್ ಮಾಡಿದಾಗ, ಆತುರದಲ್ಲಿ ಕಾರ್ಡ್ ಎಳೆದಾಗ ಆಗುವುದು ಇದೇ. ಕಂಪ್ಯೂಟರಿನಲ್ಲಿ ಕೆಲವು ತಂತ್ರಾಂಶಗಳು ಇದನ್ನು "ಮೂವ್ ಆಟಮ್ ನಾಟ್ ಫೌಂಡ್" ಎಂದು ಹೇಳುತ್ತವೆ. ಐದು ನಿಮಿಷ ಇಪ್ಪತ್ತು ಸೆಕೆಂಡಿನ, ಸೆಕೆಂಡಿಗೆ 30 ಚಿತ್ರಗಳ ತುಂಡಿನಲ್ಲಿ 9,600 ಚಿತ್ರಗಳಿರುತ್ತವೆ. ಒಂದೊಂದರ ಗಾತ್ರ ಬರೆಯಲು 4 ಬೈಟ್ ಎಂದರೂ ಆ ಕೋಷ್ಟಕ 38 ಕಿಲೋಬೈಟ್. ಇಷ್ಟು ಸಣ್ಣ ಬರಹ ಇಲ್ಲದ್ದಕ್ಕೆ 4 ಜಿಬಿಯ ಫೈಲ್ ಸತ್ತಂತೆ ಕಾಣುತ್ತದೆ.

ಇದನ್ನು ನೀವೂ ಗಮನಿಸಿರಬಹುದು. ಅರ್ಧಕ್ಕೆ ನಿಂತ ಡೌನ್‌ಲೋಡ್‌ಗಳಲ್ಲಿ ಕೆಲವು ಬಂದಷ್ಟು ಭಾಗ ಓಡುತ್ತವೆ, ಕೆಲವು ಒಂದು ಸೆಕೆಂಡೂ ಓಡುವುದಿಲ್ಲ. ಮೊದಲಿನವುಗಳಲ್ಲಿ ಪಟ್ಟಿಯನ್ನು ಫೈಲಿನ ಆರಂಭದಲ್ಲೇ ಇಟ್ಟಿರುತ್ತಾರೆ, ಅಂತರಜಾಲದಲ್ಲಿ ನೋಡಲು ಅನುಕೂಲವಾಗಲಿ ಎಂದು. ಕ್ಯಾಮೆರಾಗಳಿಗೆ ಆ ಸೌಲಭ್ಯವಿಲ್ಲ. ಚಿತ್ರೀಕರಣ ಮುಗಿಯದೆ ಪಟ್ಟಿ ಮುಗಿಯುವುದು ಹೇಗೆ?

ಹೆಸರು ಬದಲಿಸಿದರೆ ಸರಿಹೋಗುತ್ತದೆಯೇ?

ಈಗ ಫಾರ್ವರ್ಡಿನ ಮೊದಲ ಸಲಹೆಗೆ ಬರೋಣ. ಎಂಪಿ4 ಎಂಬುದನ್ನು ಎವಿಐ ಎಂದು ತಿದ್ದಿದರೆ ಫೈಲಿನ ಒಳಗೆ ಒಂದು ಬೈಟೂ ಬದಲಾಗುವುದಿಲ್ಲ. ಇಲ್ಲದ ಪಟ್ಟಿ ಹುಟ್ಟುವುದಿಲ್ಲ. ಡಬ್ಬಿಯ ಮೇಲೆ ಸಕ್ಕರೆ ಎಂದು ಬರೆದರೆ ಉಪ್ಪು ಸಿಹಿಯಾಗದು.

ಆದರೆ ಈ ಮಾತು ಎಲ್ಲಿಂದ ಹುಟ್ಟಿತು ಎಂದು ನೋಡಿದರೆ ಒಂದು ನಿಜ ಸಿಗುತ್ತದೆ. ವಿಎಲ್‌ಸಿಯಲ್ಲಿ ಕೆಟ್ಟ ಅಥವಾ ಅಪೂರ್ಣ ಎವಿಐ ಫೈಲಿನ ಸೂಚಿಯನ್ನು ಸರಿಪಡಿಸುವ ಆಯ್ಕೆ ನಿಜಕ್ಕೂ ಇದೆ. ಅದು ಎವಿಐಗೆ ಮಾತ್ರ. ಯಾರೋ ಜಾಣರು "ಹಾಗಾದರೆ ನಮ್ಮ ಫೈಲಿಗೂ ಎವಿಐ ಎಂದು ಹೆಸರಿಟ್ಟರಾಯಿತು" ಎಂದುಕೊಂಡಿದ್ದಾರೆ. ವಿಎಲ್‌ಸಿ ಹೆಸರು ನೋಡಿ ಮೋಸಹೋಗುವುದಿಲ್ಲ, ಒಳಗಿನ ಬೈಟ್‌ಗಳನ್ನೇ ನೋಡುತ್ತದೆ.

ತಮಾಷೆಯೆಂದರೆ ಹೆಸರು ಬದಲಿಸಿದರೆ ಕೆಲಸವಾಗುವ ಒಂದು ಸಂದರ್ಭ ಡ್ರೋನಿನಲ್ಲೇ ಇದೆ, ಫಾರ್ವರ್ಡ್ ಬರೆದವರಿಗೆ ಅದು ಗೊತ್ತಿಲ್ಲ. ಡಿಜೆಐನ ಈಚಿನ ಹಲವು ಮಾದರಿಗಳು ಪ್ರತಿ ವಿಡಿಯೊ ಜೊತೆಗೆ "ಎಲ್‌ಆರ್‌ಎಫ್" ಎಂಬ ಬಾಲವಿರುವ ಸಣ್ಣ ಫೈಲನ್ನೂ ಬರೆಯುತ್ತವೆ. ಅದು ಅದೇ ದೃಶ್ಯದ ಕಡಿಮೆ ಗುಣಮಟ್ಟದ ಪ್ರತಿ, ಒಳಗೆ ಎಂಪಿ4 ಸ್ವರೂಪದಲ್ಲೇ ಇರುತ್ತದೆ. ಅದರ ಪ್ರತಿಯೊಂದನ್ನು ಕಂಪ್ಯೂಟರಿಗೆ ತೆಗೆದುಕೊಂಡು, ಬಾಲವನ್ನು ಎಂಪಿ4 ಎಂದು ಬದಲಿಸಿದರೆ ಓಡುತ್ತದೆ. ಆದರೆ ವಿದ್ಯುತ್ ಕಡಿದು ಮುಖ್ಯ ಫೈಲ್ ಕೆಟ್ಟಿದ್ದರೆ ಇದೂ ಅಪೂರ್ಣವಾಗಿರಬಹುದು, ಏಕೆಂದರೆ ಎರಡೂ ಒಟ್ಟಿಗೇ ನಡೆಯುತ್ತಿದ್ದವು.

ಹಾರಿಸಿದವರ ಫೋನನ್ನೂ ನೋಡಿ. ಡಿಜೆಐ ಫ್ಲೈ ಆ್ಯಪ್‌ನಲ್ಲಿ ರೆಕಾರ್ಡ್ ಮಾಡುವಾಗ ಕ್ಯಾಶ್ ಉಳಿಸುವ ಆಯ್ಕೆ ಆನ್ ಆಗಿದ್ದರೆ, ಪರದೆಯಲ್ಲಿ ಕಂಡ ದೃಶ್ಯದ ಒಂದು ಪ್ರತಿ ಫೋನಿನಲ್ಲೇ ಇರುತ್ತದೆ. 4ಕೆ ಸ್ಪಷ್ಟತೆ ಅದಕ್ಕಿಲ್ಲ. ಆಲ್ಬಮ್ ವಿಡಿಯೊದ ಮಧ್ಯೆ ಹತ್ತು ಸೆಕೆಂಡ್ ತೋರಿಸಲು ಧಾರಾಳ ಸಾಕು. ಮ್ಯಾವಿಕ್ ಏರ್, ಮ್ಯಾವಿಕ್ 2ರಂಥ ಮಾದರಿಗಳಲ್ಲಿ ಕಾರ್ಡ್ ಅಲ್ಲದೆ ಡ್ರೋನಿನೊಳಗೇ 8 ಜಿಬಿ ಜಾಗವಿದೆ. ವಿಡಿಯೊ ಅಲ್ಲಿ ಕೂತಿದ್ದು ಕಾರ್ಡಿನಲ್ಲಿ ಹುಡುಕಿ ಸುಸ್ತಾಗುವುದೂ ಉಂಟು.

ಸರಿಯಾದ ದಾರಿ

ಎಲ್ಲಕ್ಕಿಂತ ಮೊದಲು ಇಡೀ ಕಾರ್ಡಿನ ಯಥಾಪ್ರತಿ ಮಾಡಿಕೊಳ್ಳಬೇಕು. ಫೈಲ್‌ಗಳನ್ನು ಆರಿಸಿ ಕಾಪಿ ಮಾಡುವುದಲ್ಲ. ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ, ಖಾಲಿ ಎನಿಸುವ ಜಾಗವನ್ನೂ ಸೇರಿಸಿ ಎಲ್ಲವನ್ನೂ ಒಂದೇ ಫೈಲಾಗಿ ಇಳಿಸಿಕೊಳ್ಳುವುದು. ಇದಕ್ಕೆ ಡಿಸ್ಕ್ ಇಮೇಜ್ ಎನ್ನುತ್ತಾರೆ. 64 ಜಿಬಿ ಕಾರ್ಡಿಗೆ ಕಂಪ್ಯೂಟರಿನಲ್ಲಿ ಅಷ್ಟೇ ಜಾಗ ಬೇಕು. ವಿಂಡೋಸ್‌ನಲ್ಲಿ ವಿನ್32 ಡಿಸ್ಕ್ ಇಮೇಜರ್ ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಅದರಲ್ಲಿ "ರೀಡ್", "ರೈಟ್" ಎಂಬ ಗುಂಡಿಗಳು ಅಕ್ಕಪಕ್ಕ ಇವೆ. ನಮಗೆ ಬೇಕಾದ್ದು ರೀಡ್. ತಪ್ಪಿ ರೈಟ್ ಒತ್ತಿದರೆ ಉಳಿಸಲು ಬಂದದ್ದನ್ನೇ ಅಳಿಸಿದಂತೆ. ಲಾಕ್ ಗುಂಡಿ ಇಲ್ಲಿ ಕಾಪಾಡುತ್ತದೆ. ಕಾರ್ಡ್ ಅಲ್ಲಲ್ಲಿ ಓದಲು ತಡವರಿಸುತ್ತಿದ್ದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಒಳ್ಳೆಯದು. ಅದು ಸುಲಭವಾಗಿ ಬರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಹಟ ಮಾಡುವ ಭಾಗಗಳಿಗೆ ಕೊನೆಯಲ್ಲಿ ಮರಳುತ್ತದೆ.

ಲ್ಯಾಪ್‌ಟಾಪ್ ಇಲ್ಲದವರು ಇದೊಂದಕ್ಕಾದರೂ ಗೊತ್ತಿರುವವರ ಬಳಿ ಹೋಗಿ. ಈ ಪ್ರತಿ ಕೈಯಲ್ಲಿದ್ದರೆ ಮುಂದಿನ ಯಾವ ಪ್ರಯತ್ನ ಕೆಟ್ಟರೂ ಮತ್ತೆ ಮೊದಲಿನಿಂದ ಶುರುಮಾಡಬಹುದು. ಇಲ್ಲದಿದ್ದರೆ ಪ್ರತಿ ಪ್ರಯತ್ನವೂ ಜೂಜು.

ಪ್ರತಿ ಸಿದ್ಧವಾದ ಮೇಲೆ ಅತಿ ಸುಲಭದ ಉಪಾಯವನ್ನು ಮೊದಲು ನೋಡಿ: ಕಾರ್ಡನ್ನು ಅದೇ ಡ್ರೋನಿಗೆ ಮರಳಿ ಹಾಕಿ ಆನ್ ಮಾಡಿ, ಏನೂ ಒತ್ತದೆ ಒಂದು ನಿಮಿಷ ಬಿಡಿ. ಡಿಜೆಐ ಡ್ರೋನ್‌ಗಳಲ್ಲಿ ಅಪೂರ್ಣ ಫೈಲ್ ಕಂಡರೆ ತಾನೇ ಮುಗಿಸಿ ಮುಚ್ಚುವ ವ್ಯವಸ್ಥೆ ಹಲವು ಮಾದರಿಗಳಲ್ಲಿದೆ. ಗೋಪ್ರೊ ಕ್ಯಾಮೆರಾಗಳೂ ಹೀಗೇ ಮಾಡುತ್ತವೆ. ಬಹಳ ಸಲ ಇಲ್ಲಿಗೇ ಕಥೆ ಮುಗಿಯುತ್ತದೆ. ಇದು ಕಾರ್ಡಿನ ಮೇಲೆ ಬರೆಯುವ ಕೆಲಸ, ಆದ್ದರಿಂದಲೇ ಯಥಾಪ್ರತಿ ಮೊದಲು ಎಂದದ್ದು. ಲಾಕ್ ಗುಂಡಿ ಅಡಾಪ್ಟರಿನಲ್ಲಿ ಉಳಿಯುತ್ತದೆ, ಡ್ರೋನಿಗೆ ಕಾರ್ಡ್ ಮಾತ್ರ ಹೋಗುತ್ತದೆ.

ಅದರಿಂದ ಆಗದಿದ್ದರೆ ಪಟ್ಟಿಯನ್ನು ಹೊಸದಾಗಿ ಕಟ್ಟಬೇಕು. ಇದು ಸಾಧ್ಯವಾಗುವುದು ಎಂಡ್ಯಾಟ್ ಪೆಟ್ಟಿಗೆಯೊಳಗಿನ ಒಂದು ಶಿಸ್ತಿನಿಂದ. ಎಂಪಿ4ನಲ್ಲಿ ಎಚ್.264 ಅಥವಾ ಎಚ್.265 ಚಿತ್ರದ ಪ್ರತಿ ತುಂಡಿನ ಮುಂದೆಯೂ ಅದರ ಉದ್ದ ಬರೆದಿರುತ್ತದೆ, ಸಾಮಾನ್ಯವಾಗಿ 4 ಬೈಟ್‌ಗಳಲ್ಲಿ. ಮೊದಲ ತುಂಡಿನ ಉದ್ದ ಓದಿ ಅಷ್ಟು ಮುಂದೆ ಜಿಗಿದರೆ ಎರಡನೆಯದು ಸಿಗುತ್ತದೆ, ಅಲ್ಲಿಂದ ಮೂರನೆಯದು. ಹೀಗೆ ಕೊನೆವರೆಗೆ ನಡೆದು ಕಂಡದ್ದನ್ನೆಲ್ಲ ಬರೆದುಕೊಂಡರೆ ಕಳೆದ ಪಟ್ಟಿ ಮತ್ತೆ ಸಿದ್ಧ. ಲಕೋಟೆಗಳ ಮೇಲೆ ಹೆಸರು ಬರೆದಿದ್ದರೆ ಮುಯ್ಯಿ ಪುಸ್ತಕವನ್ನು ಮರುದಿನವೂ ಬರೆಯಬಹುದಲ್ಲ, ಹಾಗೆ.

ಆದರೆ ಚಿತ್ರದ ಅಗಲ, ಎತ್ತರ, ಬಿಡಿಸುವ ಸೂತ್ರಗಳು ಮೂವ್ ಪೆಟ್ಟಿಗೆಯಲ್ಲಿ ಇದ್ದವು. ಅವನ್ನು ಎಲ್ಲಿಂದ ತರುವುದು? ಅದೇ ಡ್ರೋನಿನಿಂದ. ಬೇರೆ ಕಾರ್ಡ್ ಹಾಕಿ, ಕೆಟ್ಟ ವಿಡಿಯೊ ತೆಗೆದಾಗ ಇದ್ದ ಸೆಟ್ಟಿಂಗ್‌ನಲ್ಲೇ ಒಂದೆರಡು ನಿಮಿಷ ಏನನ್ನಾದರೂ ಚಿತ್ರಿಸಿ. ಹಾರಿಸಬೇಕೆಂದಿಲ್ಲ, ಮೇಜಿನ ಮೇಲಿಟ್ಟರೂ ಆದೀತು. 4ಕೆಯಾಗಿದ್ದರೆ 4ಕೆ, ಸೆಕೆಂಡಿಗೆ 30 ಚಿತ್ರವಿದ್ದರೆ 30, ಎಚ್.265 ಇದ್ದರೆ ಅದೇ. ಒಂದು ತಪ್ಪಿದರೂ ಫಲಿತಾಂಶ ಬಣ್ಣದ ಚಿಂದಿಯಾಗಿ ಬರುತ್ತದೆ. ಜನ ಸೋಲುವುದು ಹೆಚ್ಚಾಗಿ ಇಲ್ಲೇ. ಅಂದು ಯಾವ ಸೆಟ್ಟಿಂಗ್ ಇತ್ತೆಂದು ನೆನಪಿಲ್ಲದಿದ್ದರೆ ಕಾರ್ಡಿನಲ್ಲಿ ಅದೇ ದಿನದ ಸರಿಯಿರುವ ಇನ್ನೊಂದು ವಿಡಿಯೊ ಹುಡುಕಿ. ಅದೇ ಅತ್ಯುತ್ತಮ ಮಾದರಿ.

ಕೆಟ್ಟ ಫೈಲ್ ಮತ್ತು ಮಾದರಿ ಫೈಲ್ ಎರಡನ್ನೂ ಅನ್‌ಟ್ರಂಕ್ ಎಂಬ ತಂತ್ರಾಂಶಕ್ಕೆ ಕೊಡಬೇಕು. ಫೆಡೆರಿಕೊ ಪೊಂಕಿಯೊ ಬರೆದ ಇದು ಮುಕ್ತ ಮತ್ತು ಉಚಿತ. ದುಡ್ಡು ಕೇಳುವ ರಿಪೇರಿ ತಂತ್ರಾಂಶಗಳಲ್ಲಿ ಮಾದರಿ ಫೈಲ್ ಕೇಳುವವೂ ಈ ತತ್ವದ ಮೇಲೆಯೇ ನಡೆಯುತ್ತವೆ. ಡ್ರೋನ್ ವಿಡಿಯೊದಲ್ಲಿ ಧ್ವನಿ ಇಲ್ಲದಿರುವುದು ಇಲ್ಲಿ ವರವಾಗುತ್ತದೆ. ಧ್ವನಿ ಮತ್ತು ಚಿತ್ರದ ತುಂಡುಗಳು ಬೆರೆತಿದ್ದರೆ ಯಾವುದು ಯಾವುದೆಂದು ಊಹಿಸಬೇಕಿತ್ತು, ಆ ಗೋಜಲು ಇಲ್ಲಿ ಕಡಿಮೆ. ಡಿಜೆಐ ಫೈಲ್‌ಗಳಿಗೆಂದೇ ರಾಸ್ ಫಿನ್ಲೇಸನ್ ಬರೆದ ಡಿಜೆಐಫಿಕ್ಸ್ ಎಂಬ ಪುಟ್ಟ ಉಚಿತ ತಂತ್ರಾಂಶವೂ ಇದೆ. ಅದು ಮಾದರಿ ಫೈಲ್ ಬದಲು ವಿಡಿಯೊ ಯಾವ ಬಗೆಯದ್ದೆಂದು ನಿಮ್ಮನ್ನೇ ಕೇಳುತ್ತದೆ. ಎರಡೂ ಕಪ್ಪು ಪರದೆಯಲ್ಲಿ ಆದೇಶ ಟೈಪ್ ಮಾಡಿ ನಡೆಸುವಂಥವು, ಮೊದಲ ನೋಟಕ್ಕೆ ಹೆದರಿಸುತ್ತವೆ. ಕಂಪ್ಯೂಟರ್ ಕಲಿತ ಮನೆಯ ಹುಡುಗ ಹುಡುಗಿಯರಿಗೆ ಅರ್ಧ ಗಂಟೆಯ ಕೆಲಸ.

ಫಾರ್ಮ್ಯಾಟ್ ಮಾಡಿ ರಿಕವರ್ ಮಾಡಿ ಎನ್ನುತ್ತಾರಲ್ಲ?

ಸಾಮಾನ್ಯ ಕ್ವಿಕ್ ಫಾರ್ಮ್ಯಾಟ್‌ನಲ್ಲಿ ಯಾವ ಫೈಲ್ ಎಲ್ಲಿದೆ ಎಂಬ ಕಾರ್ಡಿನ ಪಟ್ಟಿ ಮಾತ್ರ ಹೋಗುತ್ತದೆ, ಒಳಗಿನ ದತ್ತಾಂಶ ಹೆಚ್ಚಾಗಿ ಉಳಿದಿರುತ್ತದೆ. ಆದ್ದರಿಂದ "ತಪ್ಪಿ ಫಾರ್ಮ್ಯಾಟ್ ಆದರೂ ಆಸೆ ಇದೆ" ಎನ್ನುವುದು ನಿಜ. ಆ ಮಾತು ಕೈಯಿಂದ ಕೈಗೆ ಸಾಗಿ "ಆಸೆ ಇರಬೇಕೆಂದರೆ ಫಾರ್ಮ್ಯಾಟ್ ಮಾಡಿ" ಎಂದಾಗಿದೆ. ಮನೆಗೆ ಬೆಂಕಿ ಬಿದ್ದರೂ ಬೀರು ಉಳಿಯಬಹುದು ಎನ್ನುವುದಕ್ಕೂ, ಬೀರು ತೆಗೆಯಲು ಮನೆಗೆ ಬೆಂಕಿ ಹಚ್ಚಿ ಎನ್ನುವುದಕ್ಕೂ ಇರುವ ಅಂತರ ಇದು. ಪೂರ್ತಿ ಮೇಲೆ ಬರೆಯುವ ಓವರ್‌ರೈಟ್ ಫಾರ್ಮ್ಯಾಟ್ ಆದರೆ ಏನೂ ಉಳಿಯುವುದಿಲ್ಲ. ಕೆಲವು ಸಾಧನಗಳು ಫಾರ್ಮ್ಯಾಟ್ ಮಾಡುವಾಗ ಕಾರ್ಡಿಗೆ ಅಳಿಸುವ ಆದೇಶವನ್ನೂ ಕೊಡುತ್ತವೆ.

ಫೈಲ್ ಪಟ್ಟಿಯಲ್ಲೇ ಕಾಣದಿದ್ದಾಗ, ಅಳಿಸಿಹೋದಾಗ, ಸೊನ್ನೆ ಗಾತ್ರ ತೋರಿಸಿದಾಗ ಬೇರೆ ವಿಧಾನ ಬೇಕು. ಪಟ್ಟಿಯನ್ನು ಮರೆತು ಇಡೀ ಕಾರ್ಡನ್ನು ಗುರುತುಗಳಿಗಾಗಿ ಜಾಲಾಡುವುದು. ಎಂಪಿ4 ಫೈಲ್ ಎಂಥ ಬೈಟ್‌ಗಳಿಂದ ಶುರುವಾಗುತ್ತದೆ ಎಂಬುದು ಗೊತ್ತಿದೆ, ಅಲ್ಲಿಂದ ಎತ್ತಿಕೊಳ್ಳುತ್ತ ಹೋಗುತ್ತಾರೆ. ಕ್ರಿಸ್ಟೋಫ್ ಗ್ರೆನಿಯೆ ರೂಪಿಸಿದ ಫೋಟೊರೆಕ್ ಇದಕ್ಕೆ ಹೆಸರುವಾಸಿ. ಹೆಸರಿನಲ್ಲಿ ಫೋಟೊ ಇದ್ದರೂ ವಿಡಿಯೊಗಳನ್ನೂ ಹುಡುಕುತ್ತದೆ, ಮತ್ತು ಉಚಿತ. ನೀವು ಮಾಡಿಟ್ಟ ಯಥಾಪ್ರತಿಯ ಮೇಲೆಯೇ ಅದನ್ನು ಓಡಿಸಬಹುದು. ಸಿಕ್ಕದ್ದನ್ನು ಕಂಪ್ಯೂಟರಿಗೆ ಉಳಿಸಿ, ಯಾವ ಕಾರಣಕ್ಕೂ ಅದೇ ಕಾರ್ಡಿಗೆ ಬೇಡ. ಹಳೆಯ ಹೆಸರುಗಳು ಬರುವುದಿಲ್ಲ, ಒಂದೊಂದಾಗಿ ತೆರೆದು ನೋಡಬೇಕು. ಒಂದು ಫೈಲ್ ಕಾರ್ಡಿನ ನಾಲ್ಕಾರು ಕಡೆ ಚದುರಿ ಕೂತಿದ್ದರೆ ಈ ವಿಧಾನ ಎಡವುತ್ತದೆ. ಎರಡು ಗುಣಮಟ್ಟದ ಫೈಲ್‌ಗಳನ್ನು ಒಟ್ಟಿಗೆ ಬರೆಯುವ ಕ್ಯಾಮೆರಾಗಳಲ್ಲಿ ಆ ಸಾಧ್ಯತೆ ಹೆಚ್ಚು.

ಇನ್ನು ಫಾರ್ವರ್ಡಿನಲ್ಲಿ ಹೇಳಿದ ಆ್ಯಪ್. ರೂಟ್ ಮಾಡದ ಆಂಡ್ರಾಯ್ಡ್ ಫೋನಿನಲ್ಲಿ, ಸ್ಲಾಟಿಗೆ ಹಾಕಿದ ಕಾರ್ಡನ್ನು ಬೈಟ್ ಬೈಟಾಗಿ ಓದಲು ಯಾವ ಆ್ಯಪ್‌ಗೂ ಅನುಮತಿ ಇಲ್ಲ. ಇಂಥ ಆ್ಯಪ್‌ಗಳು ಹೆಚ್ಚಾಗಿ ತೋರಿಸುವುದು ಫೋನಿನಲ್ಲಿ ಉಳಿದಿರುವ ಪುಟ್ಟ ಥಂಬ್‌ನೇಲ್ ಚಿತ್ರಗಳನ್ನು. ಅವನ್ನು ನೋಡಿ "ಅರೆ, ಬಂತು" ಎಂದು ದುಡ್ಡು ಕಟ್ಟುವವರಿದ್ದಾರೆ. ಪ್ಲೇ ಸ್ಟೋರ್ ಬಿಟ್ಟು ಬೇರೆ ಲಿಂಕಿನಿಂದ ಎಪಿಕೆ ಇಳಿಸಿಕೊಳ್ಳಿ ಎಂದರೆ ವಿಡಿಯೊಗಿಂತ ದೊಡ್ಡದನ್ನು ಕಳೆದುಕೊಳ್ಳುವ ದಾರಿ ಅದು. ಬ್ಯಾಂಕ್ ಆ್ಯಪ್ ಇರುವುದೂ ಅದೇ ಫೋನಿನಲ್ಲಿ.

ಫ್ರೀಜರ್, ಅಕ್ಕಿ ಮತ್ತು ನಕಲಿ ಕಾರ್ಡ್

ಕಾರ್ಡನ್ನು ರಾತ್ರಿ ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಮಾತು ಹಳೆಯ ಹಾರ್ಡ್ ಡಿಸ್ಕ್‌ಗಳ ಕಾಲದ್ದು. ತಿರುಗುವ ತಟ್ಟೆ, ಸಿಕ್ಕಿಹಾಕಿಕೊಂಡ ಭಾಗಗಳಿದ್ದ ಯಂತ್ರಕ್ಕೆ ಹೇಳಿದ ಉಪಾಯ, ಅಲ್ಲೂ ನಂಬಲರ್ಹವಲ್ಲ. ಮೆಮೊರಿ ಕಾರ್ಡಿನಲ್ಲಿ ಅಲುಗುವ ಭಾಗವೇ ಇಲ್ಲ. ಹೊರತೆಗೆದಾಗ ಸಂಪರ್ಕದ ಹಳದಿ ಪಟ್ಟಿಗಳ ಮೇಲೆ ನೀರು ಕೂರುತ್ತದೆ, ಅಷ್ಟೇ ಲಾಭ.

ಡ್ರೋನ್ ಕೆರೆಗೆ ಬಿದ್ದಿದ್ದರೆ ಕಾರ್ಡಿನ ಬಗ್ಗೆ ಅಷ್ಟು ಹೆದರಬೇಡಿ. ಮೈಕ್ರೊ ಎಸ್‌ಡಿ ಕಾರ್ಡ್ ಪೂರ್ತಿ ರಾಳದಲ್ಲಿ ಅಚ್ಚುಹಾಕಿದ ತುಂಡು, ನೀರು ಒಳಹೋಗಲು ದಾರಿ ಕಡಿಮೆ. ಸಮುದ್ರದ ನೀರಾದರೆ ಶುದ್ಧ ನೀರಿನಲ್ಲಿ ತೊಳೆದು, ಒರೆಸಿ, ಚೆನ್ನಾಗಿ ಒಣಗಿದ ಮೇಲೆ ರೀಡರಿಗೆ ಹಾಕಿ. ಅಕ್ಕಿ ಡಬ್ಬಿಯಲ್ಲಿ ಹೂಳಬೇಕಿಲ್ಲ, ಅಕ್ಕಿಯ ಪುಡಿ ಸ್ಲಾಟಿಗೆ ಸೇರಿ ಹೊಸ ತೊಂದರೆ. 2023ರಲ್ಲಿ ಸಮುದ್ರದಾಳದಲ್ಲಿ ನುಜ್ಜುಗುಜ್ಜಾದ ಟೈಟನ್ ಜಲಾಂತರ ನೌಕೆಯ ಅವಶೇಷದಲ್ಲಿ ಸಿಕ್ಕ ಕ್ಯಾಮೆರಾದ ಎಸ್‌ಡಿ ಕಾರ್ಡನ್ನೂ ತನಿಖಾಧಿಕಾರಿಗಳು ಓದಿದ್ದಾರೆ.

ಏನು ಮಾಡಿದರೂ ಬಾರದ ಸಂದರ್ಭಗಳು ಎರಡು. ಒಂದು, ಹಳೆಯ ವಿಡಿಯೊ ಇದ್ದ ಜಾಗದ ಮೇಲೆ ಹೊಸದು ಬರೆದಾಗಿದೆ. ಮೇಲೆ ಬರೆದದ್ದರ ಅಡಿಯಿಂದ ಹಳೆಯದನ್ನು ತೆಗೆಯುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಇನ್ನೊಂದು, ನಕಲಿ ಕಾರ್ಡ್. ಕೆಲವು ನೂರು ರೂಪಾಯಿಗೆ 1 ಟಿಬಿ ಎಂದು ಮಾರುವ ಕಾರ್ಡುಗಳಲ್ಲಿ ನಿಜವಾದ ಜಾಗ ಅದರ ಸಣ್ಣ ಪಾಲು. ಸುಳ್ಳು ಗಾತ್ರ ಹೇಳುವಂತೆ ಅದರ ಚಿಪ್‌ಗೆ ಕಲಿಸಿರುತ್ತಾರೆ. ಅದು ತುಂಬುವವರೆಗೆ ಎಲ್ಲ ಚೆನ್ನ, ಆಮೇಲೆ ಬರೆದದ್ದು ಗಾಳಿಗೆ ಹೋಗುತ್ತದೆ ಅಥವಾ ಹಳೆಯದರ ಮೇಲೆಯೇ ಬೀಳುತ್ತದೆ. ಫೈಲಿನ ಹೆಸರು, ಗಾತ್ರ ಎಲ್ಲ ಸರಿಯಾಗಿ ಕಾಣುತ್ತದೆ, ಒಳಗೆ ಬರೀ ಸೊನ್ನೆ. ಹೊಸ ಕಾರ್ಡ್ ಕೊಂಡ ದಿನವೇ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿ ಓದಿಸಿದರೆ ಬಣ್ಣ ಬಯಲಾಗುತ್ತದೆ. 4ಕೆಗೆ ವಿ30 ಎಂಬ ಗುರುತಿರುವ, ಅಂದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಸತತವಾಗಿ ಬರೆಯಬಲ್ಲ ಕಾರ್ಡ್ ಬೇಕು. ನಿಧಾನದ ಕಾರ್ಡಿನಲ್ಲಿ ರೆಕಾರ್ಡಿಂಗ್ ನಡುವೆ ನಿಲ್ಲುವುದಿದೆ.

ಅಂಗಡಿಗೆ ಕೊಡುವುದಾದರೆ

ಕಾರ್ಡನ್ನು ಕಂಪ್ಯೂಟರ್ ಗುರುತಿಸುತ್ತಲೇ ಇಲ್ಲ, ಅಥವಾ ಕಾರ್ಡ್ ಮುರಿದಿದೆ ಎಂದಾದರೆ ಮನೆಮದ್ದು ನಿಲ್ಲಿಸಿ. ದತ್ತಾಂಶ ಮರುಪಡೆಯುವ ಪ್ರಯೋಗಾಲಯಗಳಲ್ಲಿ ಕಾರ್ಡಿನ ಮೇಲ್ಪದರ ಕೆರೆದು, ಒಳಗಿನ ಸಂಪರ್ಕಗಳಿಗೆ ಕೂದಲೆಳೆಯ ತಂತಿ ಬೆಸೆದು ಚಿಪ್‌ನಿಂದ ನೇರವಾಗಿ ಓದುತ್ತಾರೆ. ಸಾವಿರಾರು ರೂಪಾಯಿಯ ಕೆಲಸ, ಯಶಸ್ಸಿನ ಭರವಸೆಯನ್ನು ಪ್ರಾಮಾಣಿಕರು ಯಾರೂ ಮುಂಚಿತವಾಗಿ ಕೊಡುವುದಿಲ್ಲ.

ಸಾಮಾನ್ಯ ಅಂಗಡಿಗೆ ಕೊಡುವಾಗ ಮೊದಲು ಒಂದು ಪ್ರಶ್ನೆ ಕೇಳಿ: "ನೀವು ಕಾರ್ಡಿನ ಮೇಲೇ ಕೆಲಸ ಮಾಡ್ತೀರಾ, ಇಮೇಜ್ ತೆಗೆದುಕೊಂಡು ಮಾಡ್ತೀರಾ?" ಇಮೇಜ್ ಎಂದರೇನು ಎಂದು ಅವರೇ ನಿಮ್ಮನ್ನು ಕೇಳಿದರೆ ಕಾರ್ಡ್ ಜೇಬಿಗೆ ಹಾಕಿಕೊಂಡು ಹೊರಡಿ. ಸಿಕ್ಕ ವಿಡಿಯೊವನ್ನು ಓಡಿಸಿ ತೋರಿಸಿದ ಮೇಲೆಯೇ ದುಡ್ಡು ಕೊಡಿ. ಫೈಲ್‌ಗಳ ಹೆಸರಿನ ಪಟ್ಟಿ ತೋರಿಸಿದರೆ ಸಾಲದು, ನಕಲಿ ಕಾರ್ಡಿನಲ್ಲೂ ಹೆಸರುಗಳು ಇರುತ್ತವೆ. ವಿಡಿಯೊ ಬೇರೆಯವರ ಮದುವೆಯದ್ದಾಗಿದ್ದರೆ ಅಂಗಡಿಗೆ ಕೊಡುವ ಮೊದಲು, ಆನ್‌ಲೈನ್ ರಿಪೇರಿ ತಾಣಗಳಿಗೆ ಏರಿಸುವ ಮೊದಲು ಅವರನ್ನೊಂದು ಮಾತು ಕೇಳಿ. ಕೆಲಸ ಮುಗಿದ ಮೇಲೆ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದ ಪ್ರತಿಯನ್ನು ನಿಮ್ಮೆದುರೇ ಅಳಿಸಲು ಹೇಳಿ, ಆದರೆ ನಿಮ್ಮ ಪ್ರತಿ ಬೇರೊಂದು ಡಿಸ್ಕಿಗೆ ಸೇರಿ ಕೊನೆಯವರೆಗೆ ಓಡಿದ್ದನ್ನು ನೋಡಿದ ನಂತರ.